ಕೊಂಡ ಆಟ, ಕೊಳ್ಳದ ನಿಯಮ

ಚೌಕಾಬಾರದ ಮನೆಗಳನ್ನು ಒಮ್ಮೆ ನೆಲದ ಮೇಲೆ ಬರೆದುಕೊಂಡರೆ ತೀರಿತು. ಕಾಯಿ ಹಣ್ಣಾಗುವ ಹೊತ್ತಿಗೆ ಯಾರೂ ಬಂದು ಸುಂಕ ಕೇಳುವುದಿಲ್ಲ. ಕಂಪ್ಯೂಟರಿನಲ್ಲಿ ರಾಜ್ಯವಾಳುವ ಈಗಿನ ಆಟಗಳ ರೀತಿಯೇ ಬೇರೆ. ಆಟವನ್ನು ಕೊಂಡಮೇಲೂ ಅದಕ್ಕೆ ಸೇರಬೇಕಾದ ಭಾಗಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಇವಕ್ಕೆ ಡಿಎಲ್‌ಸಿ ಎಂದು ಹೆಸರು, ವಿಸ್ತರಣೆ ಎನ್ನೋಣ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ ಈ ವ್ಯಾಪಾರದಲ್ಲಿ ಪಳಗಿದ್ದು. ಅದರ ‘ಯೂರೋಪಾ ಯೂನಿವರ್ಸಾಲಿಸ್ 4’ 2013ರಲ್ಲಿ 40 ಡಾಲರಿಗೆ ಹೊರಬಂದಿತು. ಮುಂದಿನ ಹತ್ತು ವರ್ಷಗಳಲ್ಲಿ ಬಂದ ವಿಸ್ತರಣೆಗಳನ್ನೆಲ್ಲ ಪೂರ್ಣ ಬೆಲೆಗೆ ಕೊಂಡವನು ಮೂಲಬೆಲೆಯ ಹಲವು ಪಟ್ಟು ತೆತ್ತಿರುತ್ತಾನೆ.

ಇದು ಅನ್ಯಾಯವೆ?

ದುಬಾರಿಯೆಂದ ಮಾತ್ರಕ್ಕೆ ಅನ್ಯಾಯವಾಗದು. ರೇಷ್ಮೆ ಸೀರೆಯೂ ದುಬಾರಿಯೆ. ಹತ್ತು ವರ್ಷ ಒಂದೇ ಆಟವನ್ನು ತಿದ್ದುತ್ತ ಕುಳಿತವರಿಗೆ ಸಂಬಳ ಬರಬೇಕಷ್ಟೆ. ವಿಸ್ತರಣೆ ಕೊಂಡವರ ಹಣದಿಂದ ಕೊಳ್ಳದವನಿಗೂ ಪುಕ್ಕಟೆಯಾಗಿ ತಿದ್ದುಪಡಿಗಳು ಸಿಗುತ್ತವೆ. ನಾಲ್ವರು ಕೂಡಿ ಆಡುವಾಗ ಆಟ ನಡೆಸುವವನೊಬ್ಬನ ಬಳಿ ವಿಸ್ತರಣೆಯಿದ್ದರೆ ಸಾಕು, ಉಳಿದವರಿಗೂ ಅದು ಒದಗುತ್ತದೆ—ಬೀದಿಗೆಲ್ಲ ಒಂದೇ ಮನೆಯ ಪಗಡೆಹಾಸು ಒದಗುತ್ತಿದ್ದ ಹಾಗೆ. ಈ ಔದಾರ್ಯವನ್ನು ಲೆಕ್ಕಕ್ಕೆ ಹಿಡಿಯದೆ ಬೈಯುವುದು ಸುಲಭ.

ಅದೇ ಸಂಸ್ಥೆಯ ‘ಕ್ರುಸೇಡರ್ ಕಿಂಗ್ಸ್ 2’ ಎಂಬ ಆಟದ ಭೂಪಟಕ್ಕೆ 2014ರಲ್ಲಿ ಭಾರತ ಸೇರಿತು. ಭೂಪಟ ಎಲ್ಲರಿಗೂ ಪುಕ್ಕಟೆ. ನಮ್ಮ ಕಲ್ಯಾಣದ ಚಾಲುಕ್ಯರು ಅಲ್ಲಿ ದಂಡೆತ್ತಿ ಹೋಗುವುದನ್ನು ಯಾರು ಬೇಕಾದರೂ ನೋಡಬಹುದಿತ್ತು. ಆದರೆ ಅವರ ಸಿಂಹಾಸನವೇರಿ ತಾನೇ ಆಡಬೇಕೆಂದವನು ‘ರಾಜಾಸ್ ಆಫ್ ಇಂಡಿಯಾ’ ಎಂಬ ವಿಸ್ತರಣೆಯನ್ನು ಕೊಳ್ಳಬೇಕಾಗಿತ್ತು. ಕಲ್ಯಾಣದ ಅರಸು ಮನೆಯೊಳಗೇ ಇದ್ದಾನೆ, ಕೋಣೆಗೆ ಮಾತ್ರ ಬೀಗ! ಕನ್ನಡಿಗನಿಗೆ ಇದು ಚುಚ್ಚೀತು. ಆದರೂ ಕೊಳ್ಳದವನ ಹಳೆಯ ಆಟಕ್ಕೆ ಕುಂದೇನೂ ಬರಲಿಲ್ಲವಲ್ಲ ಎಂದರೆ, ಒಪ್ಪಬೇಕಾದ ಮಾತೇ. 2020ರಲ್ಲಿ ಬಂದ ಮೂರನೆಯ ‘ಕ್ರುಸೇಡರ್ ಕಿಂಗ್ಸ್’ನಲ್ಲಿ ಆ ಬೀಗ ಮೊದಲ ದಿನದಿಂದಲೇ ಇರಲಿಲ್ಲ.

ನನ್ನ ತಕರಾರಿರುವುದು 2015ರಲ್ಲಿ ‘ಯೂರೋಪಾ’ ಆಟಕ್ಕೆ ಬಂದ ‘ಕಾಮನ್ ಸೆನ್ಸ್’ ಎಂಬ ವಿಸ್ತರಣೆಯ ವಿಷಯದಲ್ಲಿ. (ಹೆಸರಿಟ್ಟವರು ಯಾರೋ, ಹಾಸ್ಯ ಬಲ್ಲವರು.) ಅದರ ಜೊತೆಗೆ ಬಂದ ಪುಕ್ಕಟೆ ತಿದ್ದುಪಡಿ ಎಲ್ಲರ ಆಟದ ಕಟ್ಟಳೆಯನ್ನೂ ಬದಲಿಸಿತು. ಒಂದು ಪ್ರಾಂತದಲ್ಲಿ ಎಷ್ಟು ಕಟ್ಟಡಗಳಿಗೆ ಎಡೆಯುಂಟು ಎಂಬುದು ಅಂದಿನಿಂದ ಆ ಪ್ರಾಂತದ ಅಭಿವೃದ್ಧಿಯನ್ನು ಅವಲಂಬಿಸಿತು. ಆ ಅಭಿವೃದ್ಧಿಯನ್ನು ಬೇಕಾದಾಗ ತಾನಾಗಿ ಹೆಚ್ಚಿಸಿಕೊಳ್ಳುವ ಅಧಿಕಾರ ಮಾತ್ರ ಆಗ 15 ಡಾಲರ್ ತೆತ್ತವನಿಗಿತ್ತು. ಕಟ್ಟು ಎಲ್ಲರಿಗೆ, ಬಿಡುಗಡೆ ಕೊಂಡವನಿಗೆ. ನಿನ್ನೆಯವರೆಗೆ ನೆಟ್ಟಗಿದ್ದ ಆಟ, ಏನನ್ನೂ ಕೇಳದೆ ಸುಮ್ಮನಿದ್ದವನ ಪಾಲಿಗೆ ಇಂದು ಕುಂಟಿತು. ಹಳೆಯ ಆವೃತ್ತಿಗೆ ಹಿಂದಿರುಗಲು ದಾರಿಯುಂಟಲ್ಲ ಎನ್ನುವವರಿದ್ದಾರೆ. ಹಿಂದಿರುಗಿದವನು ಮುಂದೆ ಬರುವ ದೋಷಪರಿಹಾರಗಳಿಗೂ ಎಳ್ಳುನೀರು ಬಿಡಬೇಕಲ್ಲವೆ?

ಬೇಳೆ ಕೊಳ್ಳದಿದ್ದರೆ ಕೊಂಡ ಅಕ್ಕಿ ಕೆಡುವುದಿಲ್ಲ. ಆಟವೆಂಬುದಾದರೋ ನಿಯಮಗಳ ನೇಯ್ಗೆ. ಒಂದೆಳೆ ಜಗ್ಗಿದರೆ ಬಟ್ಟೆಯೆಲ್ಲ ಸೊಟ್ಟಗಾಗುತ್ತದೆ. ಹೊಸದಕ್ಕೆ ಎಷ್ಟಾದರೂ ಬೆಲೆ ಕಟ್ಟುವ ಹಕ್ಕು ಮಾರುವವನಿಗಿದೆ. ಮಾರಿಯಾದ ಪದಾರ್ಥವನ್ನು ಕೊಂಡವನ ಮನೆಯಲ್ಲಿ ಕೊರೆಮಾಡಿ, ಆ ಕೊರೆಗೆ ಬೆಲೆ ಕಟ್ಟುವ ಹಕ್ಕು ಎಲ್ಲಿಂದ ಬಂದಿತು? 2021ರಲ್ಲಿ ಅದೇ ಆಟದ ವಿಸ್ತರಣೆಗಳನ್ನೆಲ್ಲ ತಿಂಗಳಿಗೆ 5 ಡಾಲರಿನ ಬಾಡಿಗೆಗೆ ಕೊಡುವ ಏರ್ಪಾಡೂ ಬಂದಿತು. ಬಾಡಿಗೆ ನಿಲ್ಲಿಸಿದರೆ ಕೈಯಲ್ಲಿ ಉಳಿಯುವುದು ಮೂಲ ಆಟವಷ್ಟೆ. ಆದರೆ ಅದು ಬಾಡಿಗೆಯೆಂದು ಮೊದಲೇ ಹೇಳಿರುತ್ತಾರೆ.