ಇಂದಿನ ಧಮ್ಮ ಚಿಂತನೆ: ಮೊದಲು ಬಂದ ಉತ್ತರ



ಬಂಧುಗಳೇ, ನಾನು ನೋಡಿಕೊಳ್ಳುವ ಕಾಲೇಜು ಲ್ಯಾಬ್‌ನಲ್ಲಿ 30 ಕಂಪ್ಯೂಟರ್‌ಗಳಿವೆ. ಯಾವುದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ. ಸ್ವಿಚ್ ಹಾಕಿದ ಕೂಡಲೇ ಅವು ನೆಟ್‌ವರ್ಕ್‌ನಲ್ಲಿ ಕೂಗಿ ಕೇಳುತ್ತವೆ: ನನ್ನ ವಿಳಾಸ ಯಾವುದು? ನಾನು ಓದಬೇಕಾದ ಫೈಲ್ ಎಲ್ಲಿದೆ? ಸರ್ವರ್ ಉತ್ತರ ಕೊಡುತ್ತದೆ. ಆ ಫೈಲ್ ಮೆಮೊರಿಗೆ ಇಳಿದು ಕಂಪ್ಯೂಟರ್ ಎಚ್ಚರವಾಗುತ್ತದೆ. ಆರಿಸಿದರೆ ಮೆಮೊರಿ ಖಾಲಿ. ಮರುದಿನ ಮತ್ತೆ ಅದೇ ಪ್ರಶ್ನೆ.

ಇದರಲ್ಲಿ ಅನುಕೂಲವಿದೆ. ಸರ್ವರ್‌ನಲ್ಲಿ ಒಂದು ಸಲ ಸರಿಪಡಿಸಿದರೆ ಮೂವತ್ತೂ ಸರಿಹೋಗುತ್ತವೆ. ಅಪಾಯವೂ ಇದೆ. ಒಂದು ದಿನ ಯಾರೋ ಮನೆಯಲ್ಲಿ ಬಳಸುವ ಚಿಕ್ಕ ರೌಟರ್ ತಂದು ಅದೇ ನೆಟ್‌ವರ್ಕ್‌ಗೆ ಸಿಕ್ಕಿಸಿದ್ದರು. ಸರ್ವರ್‌ಗಿಂತ ಮೊದಲು ಅದೇ ಉತ್ತರಿಸಿತು. ವಿಳಾಸ ಕೊಟ್ಟಿತು, ಫೈಲ್ ಎಲ್ಲಿದೆ ಎಂದು ಹೇಳಲಿಲ್ಲ. ಹಲವು ಯಂತ್ರಗಳು ಅಲ್ಲೇ ನಿಂತವು. ಉತ್ತರಿಸಿದ್ದು ಯಾರು ಎಂದು ಅವು ವಿಚಾರಿಸಲಿಲ್ಲ, ಮೊದಲು ಬಂದದ್ದನ್ನು ನಂಬಿದವು.

ಅದೇ ವಾರ ಮಗಳು ತಾನು ಮೆಚ್ಚಿದ ಹುಡುಗನ ವಿಷಯ ಹೇಳಿದಳು. ಅವನೂ ದೀಕ್ಷೆ ಪಡೆದ ಮನೆಯವನು. ನನ್ನ ಬಾಯಿಂದ ಬಂದ ಮೊದಲ ಮಾತು, "ಅವರು ಯಾವ ಪಂಗಡ?" ಗೋಡೆಯ ಮೇಲೆ 22 ಪ್ರತಿಜ್ಞೆಗಳಿದ್ದವು. ಸಮಾನತೆಯ ಪ್ರತಿಜ್ಞೆಯನ್ನು ಅವಳಿಗೆ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದವನು ನಾನೇ. ಅವಳು ಏನೂ ಅನ್ನದೆ ಎದ್ದು ಒಳಗೆ ಹೋದಳು.

ಹಾಗಾದರೆ ನನ್ನ ದೀಕ್ಷೆ ಸುಳ್ಳೇ? ಆ ರಾತ್ರಿಯೆಲ್ಲ ಯೋಚಿಸಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮಗೆ ಹೊಸ ಮೂಲವನ್ನು ತೋರಿಸಿಕೊಟ್ಟರು. ಆದರೆ ಊರು ಕಲಿಸಿದ ಹಳೆಯ ಉತ್ತರ ನನ್ನೊಳಗೆ ಇನ್ನೂ ಸಿಕ್ಕಿಕೊಂಡೇ ಇದೆ. ಧಮ್ಮಕ್ಕಿಂತ ಬೇಗ ಮಾತಾಡುವುದು ಅದೇ. ಅದನ್ನು ಹುಡುಕಿ ಕೀಳುವ ಕೆಲಸ ಬೇರೆ ಯಾರದ್ದೂ ಅಲ್ಲ, ನನ್ನದು.

ಕೇಸಪುತ್ತದ ಕಾಲಾಮರಿಗೆ ಭಗವಾನ್ ಬುದ್ಧರು ಹೇಳಿದ್ದೂ ಇದನ್ನೇ: ಪರಂಪರೆಯೆಂದೋ ಗ್ರಂಥದಲ್ಲಿದೆಯೆಂದೋ ಗುರು ಹೇಳಿದನೆಂದೋ ಒಪ್ಪಬೇಡಿ, ಅದರಿಂದ ಕೇಡೋ ಒಳಿತೋ ಎಂದು ನೀವೇ ಅರಿತುಕೊಳ್ಳಿ. ಯಂತ್ರಕ್ಕೆ ಆ ವಿವೇಚನೆ ಇಲ್ಲ. ನಮಗಿದೆ. ಪ್ರಶ್ನೆ ಮತ್ತು ಉತ್ತರದ ನಡುವೆ ಒಂದು ಉಸಿರಿನಷ್ಟು ನಿಲ್ಲುವುದೇ ಸತಿ.

ಬೆಳಿಗ್ಗೆ ಮಗಳ ಕ್ಷಮೆ ಕೇಳಿದೆ. ಹುಡುಗನನ್ನು ಭಾನುವಾರ ಊಟಕ್ಕೆ ಕರೆದಿದ್ದೇವೆ.

ಇಂದಿನ ಅಭ್ಯಾಸ: ಯಾರನ್ನಾದರೂ ಹೊಸದಾಗಿ ಕಂಡಾಗ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆಯನ್ನು ಗಮನಿಸೋಣ. ಅದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏