ಬದುವಿನ ಕೆಳಗಿನ ನ್ಯಾಯ

ಮರ, ಪೈರು, ಬಳ್ಳಿ ಒಂದೇ ಹೊಲದಾಗ ಹೊಂದಿಕೊಂಡು ಬಾಳ್ತವೆ, ನೀವೂ ಹಾಗೇ ಬಾಳಿ ಅಂತ ನಮಗೆ ಬುದ್ಧಿ ಹೇಳುವವರಿಗೇನೂ ಬರವಿಲ್ಲ. ಹೇಳುವವರು ನೆರಳಿನಲ್ಲಿ ಕೂತಿರುತ್ತಾರೆ. ಮಣ್ಣು ಅಗೆಯುವವರು ಬೇರೆ. ಅಗೆಯುವವರ ಕಣ್ಣಿನಿಂದ ಈ ಮಾತನ್ನು ನಾವು ಒರೆಗೆ ಹಚ್ಚಬೇಕು.

ಹೊಸಪೇಟೆ, ಸಂಡೂರು ಕಡೆಯ ಒಣ ಹೊಲಗಳ ಬದುವಿನಲ್ಲಿ ಬೇವು, ಹೊಂಗೆ, ಜಾಲಿ ನಿಂತಿರುತ್ತವೆ. ತಾಯಿಬೇರು ಆಳಕ್ಕೆ ಇಳಿಯುತ್ತದೆ, ನಿಜ. ಆದರೆ ನೀರು, ಸಾರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲೇ ಹರಡುತ್ತವೆ. ಜೋಳದ ಬೇರೂ ಅಲ್ಲೇ. ಮಳೆ ಕೈಕೊಟ್ಟ ವರ್ಷ ಮೊದಲೇ ಬೇರೂರಿದವನು ಗೆಲ್ಲುತ್ತಾನೆ. ಮರದ ಪಕ್ಕದ ಸಾಲುಗಳ ಜೋಳ ಸೊರಗುತ್ತದೆ.

ಹಾಗಂತ ಮಣ್ಣಿನ ಒಳಗೆ ಬರೀ ಕಿತ್ತಾಟವಿಲ್ಲ. ಹೊಂಗೆ, ಜಾಲಿಯ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಎಲೆ ಉದುರಿ, ಬೇರು ಕೊಳೆತಾಗ ಅದು ನೆರೆಯ ಪೈರಿಗೂ ಸಿಗುತ್ತದೆ. ಕೆಲವು ಮರಗಳು ಆಳದ ತೇವವನ್ನು ರಾತ್ರಿ ಮೇಲೆಳೆದು ಒಣಮಣ್ಣಿಗೆ ಬಿಡುತ್ತವೆ.

ಅಂದರೆ ಕಸಿಯುವುದೂ ಅದೇ ಬೇರು, ಕೊಡುವುದೂ ಅದೇ ಬೇರು. ಯಾವುದು ಹೆಚ್ಚಾಗುತ್ತದೆ ಅನ್ನೋದು ಮರದ ಜಾತಿಯ ಮೇಲಷ್ಟೇ ನಿಂತಿಲ್ಲ. ಎಷ್ಟು ದೂರ ನೆಟ್ಟರು, ಟೊಂಗೆ ಸವರಿದರೇ, ಬದುವಿನ ಗುಂಟ ಕಾಲುವೆ ತೋಡಿ ಅಡ್ಡಬೇರು ಕಡಿದರೇ ಅನ್ನೋದರ ಮೇಲೂ ನಿಂತಿದೆ. ಹೊಂದಾಣಿಕೆ ಹುಟ್ಟಿನಿಂದ ಬರುವುದಿಲ್ಲ, ಗುದ್ದಲಿಯಿಂದ ಬರುತ್ತದೆ.

ಬಳ್ಳಾರಿ ಜಾಲಿಯನ್ನೇ ನೋಡಿ. ಹುಟ್ಟಿದ್ದು ಅಮೆರಿಕ ಖಂಡದಲ್ಲಿ, ಹೆಸರು ನಮ್ಮೂರಿನದು. ಹಂಪಿ, ಕಂಪ್ಲಿಯ ಬಡವರ ಒಲೆಗೆ ಅದರದೇ ಸೌದೆ. ಅದೂ ಮಣ್ಣಿಗೆ ಸಾರಜನಕ ಕೊಡುವ ಮರವೇ. ಆದರೆ ತನ್ನ ಅಡಿಯಲ್ಲಿ ಬೇರೆ ಬೀಜ ಏಳಗೊಡುವುದಿಲ್ಲ. ದಾನಿ ಅನ್ನಿಸಿಕೊಂಡವರೆಲ್ಲ ಜಾಗ ಬಿಡುವವರಲ್ಲ. ನಮ್ಮ ಕೇರಿಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

1987ರ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ, ಊರಿನ ಸಾಮೂಹಿಕ ಭೂಮಿಯಲ್ಲಿ ಕಂಪನಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಜನ ಕಿತ್ತರು; ತಮಗೆ ಬೇಕಾದ ಗಿಡ ನೆಟ್ಟರು. ಅದಕ್ಕೆ ‘ಕಿತ್ತಿಕೋ-ಹಚ್ಚಿಕೋ’ ಅಂದರು. ಅವರ ಜಗಳ ಮರದ ಜೊತೆಗಲ್ಲ. ಈ ಮಣ್ಣಿನಲ್ಲಿ ಯಾವ ಬೇರು ಇಳಿಯಬೇಕು ಅನ್ನೋದನ್ನು ಯಾರು ತೀರ್ಮಾನಿಸಬೇಕು ಅನ್ನೋದರ ಬಗ್ಗೆ.

ಹುಟ್ಟಿನ ಮೇಲು-ಕೀಳನ್ನು ಪ್ರಕೃತಿ ನಿಯಮ ಅಂತ ಹೇಳಿದವರೇ ಈಗ ಸಾಮರಸ್ಯವನ್ನೂ ಪ್ರಕೃತಿ ನಿಯಮ ಅನ್ನುತ್ತಿದ್ದಾರೆ. ಎರಡನ್ನೂ ನಾವು ಒಪ್ಪಲಾರೆವು. ಬೇರಿಗೆ ನೀತಿಯಿಲ್ಲ, ಮನುಷ್ಯರಿಗಿದೆ. ಆದ್ದರಿಂದ ಕೂಡಿ ಬಾಳೋಣ ಅಂತ ಬಂದವರನ್ನು ಮೊದಲು ಕೇಳೋಣ: ಬದು ಹಾಕಿದವರು ಯಾರು? ಗುದ್ದಲಿ ಯಾರ ಕೈಯಲ್ಲಿರಬೇಕು?