ಭಯದ ನೆನಪು ಮತ್ತು ಅಭಯದಾನ

ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಿಗಳಿಗೆ ಸಮಾನವೆಂಬುದು ಜೈನಾಗಮದ ಮಾತು. ನರವಿಜ್ಞಾನವೂ ಭಯದ ವಿಷಯದಲ್ಲಿ ಇದರ ಸಮೀಪಕ್ಕೆ ಬಂದಿದೆ. ಆದರೆ ಅದು ಬಂದ ದಾರಿಯು ಶ್ರಾವಕನ ಮುಂದೆ ಒಂದು ಧರ್ಮಸೂಕ್ಷ್ಮವನ್ನಿಡುತ್ತದೆ.

ಹೊನ್ನಾಳಿಯಲ್ಲಿ ತುಂಗಭದ್ರೆಯ ಸೆಳವಿಗೆ ಸಿಕ್ಕಿ ಪಾರಾದ ಬಾಲಕನೊಬ್ಬನನ್ನು ಊಹಿಸೋಣ. ಜಗಳೂರಿನ ಬಂಧುಗಳ ಮನೆಯಲ್ಲಿ ಅವನು ನಿಶ್ಚಿಂತ; ಹೊಳೆಯ ದಂಡೆಗೆ ಬಂದೊಡನೆ, ನೀರು ಮೊಣಕಾಲುದ್ದವಿದ್ದರೂ, ಎದೆ ನಡುಗುತ್ತದೆ. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವು ದಂಡೆ, ಬೆಳಕು, ವಾಸನೆ, ಸದ್ದುಗಳನ್ನು ಒಂದೇ ಚಿತ್ರವಾಗಿ ಕಟ್ಟುತ್ತದೆ. ಬಾದಾಮಿಯಾಕಾರದ ಅಮಿಗ್ಡಲವು ಅದಕ್ಕೆ ಅಪಾಯದ ಮುದ್ರೆಯೊತ್ತುತ್ತದೆ. ತಂದೆಯ ಕೈಹಿಡಿದು ಹಲವು ಬಾರಿ ಅಲ್ಲಿಗೇ ಬಂದರೆ ನಡುಕ ಇಳಿಯುತ್ತದೆ. ಹಾಗೆಂದು ಹಳೆಯ ನೆನಪು ಅಳಿಯುವುದಿಲ್ಲ. ಅದರ ಮೇಲೆ ಹೊಸ ಪಾಠ ಕೂಡುತ್ತದೆ, ಅಷ್ಟೆ. ಮುಂದೊಮ್ಮೆ ಚನ್ನಗಿರಿಯ ಶಾಂತಿಸಾಗರದ ಏರಿಯ ಮೇಲೆ ಆ ನಡುಕ ಮತ್ತೆ ತಲೆಯೆತ್ತಬಹುದು.

ಇದು ತಿಳಿದದ್ದು ಬಹುಮಟ್ಟಿಗೆ ಇಲಿಗಳಿಂದ. 1992ರಲ್ಲಿ ಕಿಮ್ ಮತ್ತು ಫ್ಯಾನ್ಸೆಲೋ ಎಂಬ ವಿಜ್ಞಾನಿಗಳು ಪೆಟ್ಟಿಗೆಯೊಂದರಲ್ಲಿ ಸದ್ದು ಕೇಳಿಸಿ ಇಲಿಗಳಿಗೆ ವಿದ್ಯುದಾಘಾತ ಕೊಟ್ಟರು. ಮರುದಿನ ಹಿಪೊಕ್ಯಾಂಪಸ್ಸನ್ನು ಕೆಡಿಸಿದಾಗ ಪೆಟ್ಟಿಗೆಯ ಭಯ ಹೋಯಿತು, ಸದ್ದಿನ ಭಯ ಉಳಿಯಿತು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಬಂಧಿಸಿ, ಹಿಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಕುಗ್ಗಿ ಅಮಿಗ್ಡಲದ ಕವಲುಗಳು ಬೆಳೆದುದನ್ನು 2002ರಲ್ಲಿ ವರದಿ ಮಾಡಿದರು. 21 ದಿನ ವಿಶ್ರಾಂತಿಯ ಬಳಿಕವೂ ಅಮಿಗ್ಡಲ ಮೊದಲಿನಂತಾಗಲಿಲ್ಲವೆಂದು 2004ರಲ್ಲಿ ತಿಳಿಸಿದರು.

ಪ್ರಶ್ನೆ ಇಲ್ಲಿದೆ. ಭಯಪೀಡಿತ ರೋಗಿಗೆ ಈ ಜ್ಞಾನ ಉಪಕಾರಿಯೆಂಬುದು ಸುಳ್ಳಲ್ಲ. ಆದರೆ ಇಲಿಯ ಭಯ ಮನುಷ್ಯನ ಭಯದಂತಿದ್ದರೆ ಮಾತ್ರ ಪ್ರಯೋಗಕ್ಕೆ ಬೆಲೆ; ಇಲಿಯ ಭಯ ಬೇರೆಯಾಗಿದ್ದರೆ ಮಾತ್ರ ಅದಕ್ಕೆ ಸಮಾಧಾನ. ಎರಡೂ ಒಟ್ಟಿಗೆ ನಿಲ್ಲವು.

ಔಷಧಿ ಸೇವಿಸುವ ಗೃಹಸ್ಥನು ಈ ಹಿಂಸೆಯನ್ನು ಕೃತದಿಂದಲೋ ಕಾರಿತದಿಂದಲೋ ಮಾಡಿಲ್ಲ. ಅನುಮೋದನೆಯಿಂದ ತಾನು ಪೂರ್ತಿ ಮುಕ್ತನೆಂದೂ ಅವನು ಹೇಳಲಾರನು. ಔಷಧಿಯನ್ನು ಬಿಡಬೇಕೆಂದಲ್ಲ, ಲಾಭವನ್ನು ಜಮೆ ಹಿಡಿದವನು ಅದರ ಖರ್ಚನ್ನೂ ಖಾತೆಯಲ್ಲಿ ಕಾಣಿಸಬೇಕು. ಪ್ರಾಣಿರಹಿತ ಸಂಶೋಧನೆಗೆ ದತ್ತಿಗಳು ನೆರವಾಗುವುದು ಆ ಋಣದ ಒಂದು ಕಂತು.

ಇನ್ನೊಂದು ಕಂತು ಮನೆಯಲ್ಲೇ ಇದೆ. ನ್ಯಾಮತಿಯ ಅಂಗಡಿಯಲ್ಲಾಗಲಿ, ಮನೆಯ ಪಡಸಾಲೆಯಲ್ಲಾಗಲಿ, ಮಗುವನ್ನೋ ಆಳನ್ನೋ ಸಾಲಗಾರನನ್ನೋ ಗದರಿಸಿದ ಸ್ಥಳವು ಅವರೊಳಗೆ ಉಳಿಯುತ್ತದೆ, ಗದರಿಸಿದವನು ಮರೆತಿರುತ್ತಾನೆ. ಕೊಟ್ಟ ಭಯವನ್ನು ಹಿಂದಕ್ಕೆ ಪಡೆಯಲಾಗದು. ಆದುದರಿಂದಲೇ ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನೂ ದಾನವೆಂದೇ ಎಣಿಸಲಾಗಿದೆ.